ಬಿಎಸ್ಸಿ ಮೊದಲ ವರ್ಷ, ತುಮಕೂರು: ಕಾಂಬಿನೇಷನ್ ಯಾವುದು ತಗೊಳ್ಳಲಿ? ಕ್ಲಾಸ್ ಟೈಮ್ ನಾವೇ ಆರಿಸಬಹುದಾ?

ಮಧುಗಿರಿ_ಕಡೆಯವನು

ಎಲ್ಲರಿಗೂ ನಮಸ್ಕಾರ. ಈ ವರ್ಷ ಸೆಕೆಂಡ್ ಪಿಯುಸಿ ಮುಗಿಯಿತು, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ). ಇಂಜಿನಿಯರಿಂಗ್ ಬೇಡ ಅಂತ ಮನೆಯಲ್ಲಿ ಮಾತಾಡಿ ಆಗಿದೆ. ತುಮಕೂರಿನಲ್ಲಿ ಬಿಎಸ್ಸಿ ಸೇರುತ್ತೇನೆ. ಊರು ಮಧುಗಿರಿಯಿಂದ ಇನ್ನೂ ಒಳಗೆ. ಹಾಸ್ಟೆಲ್ ಸಿಗುವವರೆಗೆ ದಿನಾ ಬಸ್ಸಿನಲ್ಲೇ ಓಡಾಡಬೇಕು.

ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯ ಸೇರಿರುವ ಚಿಕ್ಕಪ್ಪನ ಮಗ ಇದ್ದಾನೆ. ಅವನು ಲಾಗಿನ್ ಆಗಿ ಯಾವ ಕ್ಲಾಸು, ಯಾವ ಮೇಷ್ಟ್ರು, ಎಷ್ಟು ಗಂಟೆಗೆ ಅಂತ ತಾನೇ ಆರಿಸಿಕೊಂಡನಂತೆ. ನಾವು ಅಡ್ಮಿಷನ್ನಿಗೆ ಅರ್ಜಿ ಹಾಕುವ ಯುಯುಸಿಎಂಎಸ್ ಪೋರ್ಟಲಿನಲ್ಲೂ ಹಾಗೆ ಮಾಡಬಹುದಾ? ಪಿಸಿಎಂ ತಗೊಳ್ಳುವುದೋ, ಕೆಮಿಸ್ಟ್ರಿ ಬಿಟ್ಟು ಕಂಪ್ಯೂಟರ್ ಸೈನ್ಸ್ ಇರುವ ಕಾಂಬಿನೇಷನ್ ತಗೊಳ್ಳುವುದೋ ಗೊತ್ತಾಗುತ್ತಿಲ್ಲ. ಸಂಜೆ ನಾಲ್ಕರೊಳಗೆ ಬಸ್ ಸ್ಟ್ಯಾಂಡ್ ಮುಟ್ಟಿದರೆ ಊರಿಗೆ ಹೋಗುವ ಬಸ್ ಸಿಗುತ್ತದೆ. ತಪ್ಪಿದರೆ ಮಧುಗಿರಿಯಲ್ಲಿ ಇಳಿದು ಆಟೋಗೆ ಕಾಯಬೇಕು.

ಗುಬ್ಬಿಗೇಟ್_ಗೆಳೆಯ

ಟೈಮ್ ಆರಿಸುವ ಭಾಗ್ಯ ನಮಗಿಲ್ಲ ಗುರು. ಕಾಂಬಿನೇಷನ್ ಆರಿಸು, ಭಾಷೆ ಆರಿಸು, ಅಷ್ಟೇ. ಮಿಕ್ಕಿದ್ದು ನೋಟಿಸ್ ಬೋರ್ಡಿಗೆ ಬಿಟ್ಟಿದ್ದು.

ಹಳೇ_ಗುಮಾಸ್ತ

ಗುಬ್ಬಿಗೇಟ್ ಅವರು ಹೇಳಿದ್ದು ಸರಿ. ಆದರೆ ಅರ್ಧ ಮಾತ್ರ. ನಾನು ಕಾಲೇಜಿನ ಅಡ್ಮಿಷನ್ ಸೆಕ್ಷನ್ನಿನಲ್ಲಿ ತುಂಬಾ ವರ್ಷ ಇದ್ದವನು, ಈಗ ನಿವೃತ್ತಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಯುಯುಸಿಎಂಎಸ್ ಅನ್ನುವುದು ಉನ್ನತ ಶಿಕ್ಷಣ ಇಲಾಖೆಯ ಪೋರ್ಟಲ್. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಜೊತೆಗೇ ಬಂತು. ಅಲ್ಲಿ ನೀವು ಹೆಸರು ನೋಂದಾಯಿಸಿ, ಅಂಕಪಟ್ಟಿ ತುಂಬಿ, ಕಾಲೇಜಿಗೆ ಅರ್ಜಿ ಹಾಕುತ್ತೀರಿ. ಕಾಲೇಜಿನವರು ಮೂಲ ದಾಖಲೆ ನೋಡಿ ಒಪ್ಪುತ್ತಾರೆ, ನೀವು ಫೀಸ್ ಕಟ್ಟುತ್ತೀರಿ, ಆಮೇಲೆ ವಿಶ್ವವಿದ್ಯಾಲಯ ಅನುಮೋದನೆ ಕೊಡುತ್ತದೆ. ಮುಂದೆ ಪರೀಕ್ಷೆ ಅರ್ಜಿ, ಫಲಿತಾಂಶ ಎಲ್ಲಾ ಅದೇ ಲಾಗಿನ್ನಲ್ಲಿ. ಆದರೆ ಗಂಟೆ, ಕೊಠಡಿ, ಮೇಷ್ಟ್ರು ಇವು ಯಾವುವೂ ಅಲ್ಲಿರುವುದಿಲ್ಲ. ವೇಳಾಪಟ್ಟಿ ಮಾಡುವುದು ಕಾಲೇಜು.

ಈಗ ಉಳಿದ ಅರ್ಧ. ವೇಳಾಪಟ್ಟಿ ಹೇಗೆ ಮಾಡುತ್ತಾರೆ ಗೊತ್ತಾ? ಮೊದಲು ಭಾಷೆ ಕೂರಿಸುತ್ತಾರೆ. ಒಂದು ಸೆಕ್ಷನ್ನಿನಲ್ಲಿ ಕನ್ನಡದವರು, ಸಂಸ್ಕೃತದವರು, ಹಿಂದಿಯವರು, ಉರ್ದುವಿನವರು ಎಲ್ಲರೂ ಇರುತ್ತಾರೆ. ಭಾಷೆ ಗಂಟೆ ಬಂದಾಗ ಎಲ್ಲ ಸೆಕ್ಷನ್ನೂ ಒಟ್ಟಿಗೆ ಒಡೆದು ಬೇರೆ ಬೇರೆ ಕೊಠಡಿಗೆ ಹೋಗಬೇಕು. ಹಾಗಾಗಿ ಆ ಗಂಟೆ ಇಡೀ ಕಾಲೇಜಿಗೆ ಒಂದೇ. ಸಾಮಾನ್ಯವಾಗಿ ದಿನದ ತುದಿಗೆ ಇಡುತ್ತಾರೆ, ಮೊದಲ ಗಂಟೆ ಇಲ್ಲವೇ ಕೊನೇ ಗಂಟೆ. ಎರಡನೆಯದು ಲ್ಯಾಬ್. ಅದಕ್ಕೆ ಸತತವಾಗಿ ಗಂಟೆಗಳು ಬೇಕು, ಮೇಜುಗಳು ಕಡಿಮೆ, ಬ್ಯಾಚ್ ಮಾಡಬೇಕು. ಇವೆರಡೂ ಕೂತ ಮೇಲೆ ಉಳಿದ ಖಾಲಿ ಜಾಗಕ್ಕೆ ಥಿಯರಿ ತುಂಬುತ್ತಾರೆ.

ಅಂದರೆ ನೀವು ಕಾಂಬಿನೇಷನ್ ಕಾಲಂ ತುಂಬಿದ ದಿನವೇ ನಿಮ್ಮ ಸಂಜೆ ಬಸ್ಸಿನ ಅರ್ಧ ಭವಿಷ್ಯ ತೀರ್ಮಾನ ಆಗಿರುತ್ತದೆ. ಅರ್ಜಿ ಹಾಕುವ ಮೊದಲು ಕಾಲೇಜಿಗೆ ಹೋಗಿ ಹೋದ ವರ್ಷದ ಮೊದಲ ಸೆಮಿಸ್ಟರಿನ ವೇಳಾಪಟ್ಟಿ ಕೇಳಿ. ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. ಯಾರೂ ಬೇಡ ಅನ್ನುವುದಿಲ್ಲ, ಅದೇನು ರಹಸ್ಯ ಅಲ್ಲ. ಗಂಟೆ ಸ್ವಲ್ಪ ಆಚೀಚೆ ಆಗಬಹುದು, ಒಟ್ಟು ಆಕಾರ ವರ್ಷದಿಂದ ವರ್ಷಕ್ಕೆ ಅಷ್ಟೇನೂ ಬದಲಾಗುವುದಿಲ್ಲ.

ಕ್ಯಾತ್ಸಂದ್ರ_ಹುಡುಗಿ

ಗುಮಾಸ್ತರ ಮಾತಿಗೆ ಪೂರ್ತಿ ಒಪ್ಪಲ್ಲ. ಬಸ್ ನೋಡಿ ಸಬ್ಜೆಕ್ಟ್ ತಗೊಳ್ಳುವುದು ಅಂದರೆ ಏನರ್ಥ? ಮೂರು ವರ್ಷ ಓದಬೇಕು. ಮುಂದೆ ಎಂಎಸ್ಸಿ ಕೆಮಿಸ್ಟ್ರಿ ಬೇಕು ಅಂದರೆ ಡಿಗ್ರಿಯಲ್ಲಿ ಕೆಮಿಸ್ಟ್ರಿ ಇರಲೇಬೇಕು. ಬಿಎಡ್ ಮಾಡಿ ಹೈಸ್ಕೂಲ್ ಮೇಷ್ಟ್ರಾಗಬೇಕು ಅಂತಿದ್ದರೆ ಶಾಲೆಯಲ್ಲಿ ಕಲಿಸುವ ವಿಷಯಗಳು ಕಾಂಬಿನೇಷನ್ನಿನಲ್ಲಿ ಇರಬೇಕು. ಬಸ್ ಬದಲಾಗುತ್ತದೆ, ಹಾಸ್ಟೆಲ್ ಸಿಗುತ್ತದೆ, ಡಿಗ್ರಿ ಸರ್ಟಿಫಿಕೇಟಿನಲ್ಲಿ ಇರುವ ಸಬ್ಜೆಕ್ಟ್ ಬದಲಾಗಲ್ಲ.

ಸ್ವಂತ ಊರಿನಿಂದ ಹತ್ತು ನಿಮಿಷದಲ್ಲಿ ಕಾಲೇಜು ಮುಟ್ಟುವವಳು ಹೀಗೆ ಹೇಳುವುದು ಸುಲಭ ಅಂತ ಯಾರಾದರೂ ಹೇಳುತ್ತೀರಿ. ಹೇಳಿ, ಪರವಾಗಿಲ್ಲ.

ಪಾವಗಡ_ಬಿಸಿಲು

ಸ್ವಂತ ಊರಿನಿಂದ ಹತ್ತು ನಿಮಿಷದಲ್ಲಿ ಕಾಲೇಜು ಮುಟ್ಟುವವಳು ಹೀಗೆ ಹೇಳುವುದು ಸುಲಭ 😄

ನಮ್ಮ ಪಾವಗಡದಿಂದ ತುಮಕೂರು ಹೆಚ್ಚುಕಡಿಮೆ ನೂರು ಕಿಲೋಮೀಟರ್. ದಿನಾ ಓಡಾಡುವ ಮಾತೇ ಇಲ್ಲ, ರೂಮ್ ಮಾಡಲೇಬೇಕು. ಆದರೆ ಮಧುಗಿರಿ, ಕೊರಟಗೆರೆ, ಶಿರಾ, ಕುಣಿಗಲ್ ಕಡೆಯವರಿಗೆ ಇರುವ ಕಷ್ಟವೇ ಬೇರೆ. ರೂಮ್ ಮಾಡುವಷ್ಟು ದೂರ ಅಲ್ಲ ಅಂತ ಮನೆಯವರು ಅಂತಾರೆ. ಕೊನೇ ಕ್ಲಾಸ್ ಕೂತು ಬಸ್ ಹಿಡಿಯುವಷ್ಟು ಹತ್ತಿರವೂ ಅಲ್ಲ. ನನ್ನ ಪ್ರಕಾರ ಅವರೇ ಜಾಸ್ತಿ ಕ್ಲಾಸ್ ಕಳೆದುಕೊಳ್ಳುವವರು.

ಹಳೇ_ಗುಮಾಸ್ತ

ಕ್ಯಾತ್ಸಂದ್ರದ ಮಗಳೇ, ಬಸ್ಸಿಗೋಸ್ಕರ ಇಷ್ಟವಿಲ್ಲದ ವಿಷಯ ತಗೋ ಅಂತ ನಾನು ಹೇಳಿಲ್ಲ. ಈ ಹುಡುಗನಿಗೆ ಎರಡು ಕಾಂಬಿನೇಷನ್ನೂ ಸಮ ಅನಿಸಿದೆ. ಸಮ ಇದ್ದಾಗ ವೇಳಾಪಟ್ಟಿ ನೋಡಬೇಕು. ಒಂದು ಲೆಕ್ಕ ಹೇಳುತ್ತೇನೆ, ಆಮೇಲೆ ಹೇಳಿ.

ಶೇಕಡಾ 75 ಹಾಜರಾತಿ ಬೇಕು, ಅದೂ ಪ್ರತಿ ವಿಷಯಕ್ಕೆ. ಭಾಷೆಗೆ ವಾರಕ್ಕೆ 4 ಕ್ಲಾಸ್, ಸೆಮಿಸ್ಟರ್ 16 ವಾರ ಅಂತ ಹಿಡಿಯಿರಿ. ಒಟ್ಟು 64. ಅದರಲ್ಲಿ 48ಕ್ಕೆ ಕೂತಿರಬೇಕು. ವಾರದಲ್ಲಿ ಒಂದು ದಿನ ಮಾತ್ರ ಭಾಷೆ ಕೊನೇ ಗಂಟೆಗಿದೆ, ಆ ದಿನ ಬಸ್ಸಿಗೆ ಅಂತ ಎದ್ದು ಹೋಗುತ್ತೀರಿ ಅಂದುಕೊಳ್ಳಿ. 16 ಹೋಯಿತು, 48 ಉಳಿಯಿತು. ಗಡಿಯಲ್ಲಿ ನಿಂತಿದ್ದೀರಿ. ಒಂದು ದಿನ ಜ್ವರ ಬಂದರೂ, ಒಂದು ಮದುವೆಗೆ ಹೋದರೂ ಕೆಳಗೆ ಬಿದ್ದಿರಿ. ಎರಡು ದಿನ ಕೊನೇ ಗಂಟೆಗಿದ್ದರೆ? ನೇರ ಶೇಕಡಾ 50. ಮೇಜರ್ ಸಬ್ಜೆಕ್ಟಿನಲ್ಲಿ ಒಂದೂ ಕ್ಲಾಸ್ ತಪ್ಪಿಸದ ಬುದ್ಧಿವಂತ ಮಕ್ಕಳು ಕನ್ನಡದಲ್ಲಿ ಹಾಜರಾತಿ ಕಡಿಮೆ ಅಂತ ಪರೀಕ್ಷೆ ಸಮಯದಲ್ಲಿ ಕೌಂಟರ್ ಮುಂದೆ ಅಳುತ್ತಾ ನಿಂತಿದ್ದನ್ನು ವರ್ಷಾವರ್ಷ ನೋಡಿದ್ದೇನೆ.

ಕ್ಯಾತ್ಸಂದ್ರ_ಹುಡುಗಿ

ಲೆಕ್ಕ ಸರಿಯಿದೆ ಸರ್. ಆದರೆ ಭಾಷೆ ಗಂಟೆ ಎಲ್ಲರಿಗೂ ಒಂದೇ ಅಂತ ನೀವೇ ಹೇಳಿದಿರಿ. ಹಾಗಾದರೆ ಪಿಸಿಎಂ ತಗೊಂಡರೂ ಕಂಪ್ಯೂಟರ್ ತಗೊಂಡರೂ ಆ ಸಮಸ್ಯೆ ಹೋಗಲ್ಲ, ಅಲ್ವಾ? ವೇಳಾಪಟ್ಟಿ ನೋಡಿ ಆರಿಸಬೇಕಾದ್ದು ಕಾಂಬಿನೇಷನ್ ಅಲ್ಲ, ಕಾಲೇಜು.

ಹಳೇ_ಗುಮಾಸ್ತ

ಭಾಷೆ ಮಟ್ಟಿಗೆ ನಿಮ್ಮ ಮಾತು ಒಪ್ಪಿದೆ. ಲ್ಯಾಬ್ ಮಟ್ಟಿಗೆ ಕಾಂಬಿನೇಷನ್ನೇ.

ಅತಿಥಿ_ಮೇಡಂ

ನಾನು ಈ ಭಾಗದ ಒಂದು ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮಕ್ಕಳಿಗೆ ಗೊತ್ತಾಗದ ಒಂದು ವಿಷಯ ಹೇಳುತ್ತೇನೆ.

ಮೊದಲ ತಿಂಗಳು ನೋಟಿಸ್ ಬೋರ್ಡಿನಲ್ಲಿ ಇರುವುದು ನಿಜವಾದ ವೇಳಾಪಟ್ಟಿ ಅಲ್ಲ. ಅದು ತಾತ್ಕಾಲಿಕ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ನಡೆಯುವುದು ನಮ್ಮಂಥವರಿಂದ. ನಮ್ಮ ನೇಮಕ ವರ್ಷವರ್ಷಕ್ಕೂ ಹೊಸದಾಗಿ ಆಗುತ್ತದೆ. ಎಷ್ಟೋ ಸಲ ಕ್ಲಾಸ್ ಶುರುವಾಗಿ ವಾರಗಳಾದ ಮೇಲೆ. ಕೌನ್ಸೆಲಿಂಗಿನಲ್ಲಿ ಯಾರು ಯಾವ ಕಾಲೇಜು ತಗೊಳ್ಳುತ್ತಾರೆ ಅಂತ ಗೊತ್ತಾಗುವ ತನಕ ವೇಳಾಪಟ್ಟಿ ಸಮಿತಿಗೂ ಕೈ ಕಟ್ಟಿದ ಹಾಗೆ. ಪೂರ್ತಿ ಕಾರ್ಯಭಾರ ಅಂದರೆ ವಾರಕ್ಕೆ ಇಷ್ಟು ಗಂಟೆ ಅಂತ ಇರುತ್ತದೆ. ಒಂದೇ ಕಾಲೇಜಿನಲ್ಲಿ ಅಷ್ಟು ಇಲ್ಲದಿದ್ದರೆ ಇನ್ನೊಂದು ಕಾಲೇಜಿಗೂ ಓಡಬೇಕು. ಆಗ ನಮ್ಮ ದಿನಕ್ಕೆ ತಕ್ಕಂತೆ ನಿಮ್ಮ ಗಂಟೆ ಬದಲಾಗುತ್ತದೆ.

ಹಾಗಾಗಿ ಮೊದಲ ವಾರದ ವೇಳಾಪಟ್ಟಿ ನೋಡಿ ಬಸ್ ಪಾಸ್, ಪಾರ್ಟ್ ಟೈಮ್ ಕೆಲಸ, ಟ್ಯೂಷನ್ ಎಲ್ಲಾ ಗಟ್ಟಿ ಮಾಡಿಕೊಂಡು ಕೂರಬೇಡಿ. ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಸಂಜೆ ಶಿಫ್ಟ್ ಒಪ್ಪಿಕೊಂಡು ಬಂದ ಹುಡುಗನಿಗೆ ತಿಂಗಳಾದ ಮೇಲೆ ಲ್ಯಾಬ್ ಮಧ್ಯಾಹ್ನಕ್ಕೆ ಬಿತ್ತು. ಎರಡರಲ್ಲಿ ಒಂದು ಬಿಡಬೇಕಾಯಿತು. ಯಾವುದನ್ನು ಬಿಟ್ಟ ಅಂತ ಹೇಳಬೇಕಾಗಿಲ್ಲ.

ಬಿಎಸ್ಸಿ_ಎರಡನೇ_ವರ್ಷ

ಈಗ ಓದುತ್ತಿರುವವನಾಗಿ ಹೇಳುತ್ತೇನೆ. ಮಧುಗಿರಿಯವರೇ, ಲ್ಯಾಬ್ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ.

ಥಿಯರಿಗೆ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಪಾಠ. ಪ್ರಾಕ್ಟಿಕಲ್‌ಗೆ ಒಂದು ಕ್ರೆಡಿಟ್ ಅಂದರೆ ಎರಡು ಗಂಟೆ. 2 ಕ್ರೆಡಿಟ್ ಲ್ಯಾಬ್ ಇದ್ದರೆ ವಾರಕ್ಕೆ ನಾಲ್ಕು ಗಂಟೆ ಅಲ್ಲೇ ಹೋಯಿತು. ಮೂರು ವಿಷಯಕ್ಕೂ ಲ್ಯಾಬ್ ಇದ್ದರೆ ಮೂರು ಮಧ್ಯಾಹ್ನ. ಗಣಿತಕ್ಕೆ ಲ್ಯಾಬ್ ಇರಲ್ಲ ಅಂದುಕೊಂಡು ಬರುವವರು ತುಂಬಾ ಜನ. ಎನ್‌ಇಪಿ ಸ್ಕೀಮಿನಲ್ಲಿ ಗಣಿತಕ್ಕೂ ಕಂಪ್ಯೂಟರ್ ಮುಂದೆ ಕೂರುವ ಪ್ರಾಕ್ಟಿಕಲ್ ಇತ್ತು. ನಿಮ್ಮ ಸ್ಕೀಮಿನ ಸಿಲಬಸ್ ಪಿಡಿಎಫ್ ವಿಶ್ವವಿದ್ಯಾಲಯದ ವೆಬ್‌ಸೈಟಿನಿಂದ ಇಳಿಸಿಕೊಂಡು ನೋಡಿ. ಮೊದಲ ಪುಟಗಳಲ್ಲೇ ಒಂದು ಕೋಷ್ಟಕ ಇರುತ್ತದೆ. ಯಾವ ಪೇಪರಿಗೆ ವಾರಕ್ಕೆ ಎಷ್ಟು ಗಂಟೆ ಅಂತ ಅದರಲ್ಲಿ ಬರೆದಿರುತ್ತಾರೆ.

ಇನ್ನೊಂದು. ಜಾಸ್ತಿ ಜನ ತಗೊಳ್ಳುವ ಕಾಂಬಿನೇಷನ್ನಿಗೆ ವೇಳಾಪಟ್ಟಿ ಒತ್ತಾಗಿ ಬರುತ್ತದೆ. ಪಿಸಿಎಂ ಅಂದರೆ ಒಂದೇ ಗುಂಪು, ಒಂದರ ಹಿಂದೆ ಒಂದು ಕ್ಲಾಸ್. ಹತ್ತಿಪ್ಪತ್ತು ಜನ ಮಾತ್ರ ಇರುವ ಕಾಂಬಿನೇಷನ್ ತಗೊಂಡರೆ ಫಿಸಿಕ್ಸಿಗೆ ಒಂದು ಗುಂಪಿನ ಜೊತೆ, ಇನ್ನೊಂದು ವಿಷಯಕ್ಕೆ ಬೇರೆ ಗುಂಪಿನ ಜೊತೆ ಕೂರಿಸುತ್ತಾರೆ. ಮಧ್ಯೆ ಸುಮ್ನೆ ಒಂದೆರಡು ಗಂಟೆ ಖಾಲಿ. ಹಾಸ್ಟೆಲಿನವರಿಗೆ ಅದು ಲೈಬ್ರರಿ ಟೈಮ್. ಬಸ್ಸಿನವರಿಗೆ ದಿನ ಉದ್ದ ಆಗುತ್ತದೆ ಅಷ್ಟೇ.

ಲ್ಯಾಬ್ ಬ್ಯಾಚ್ ಮಾತ್ರ ಕೇಳಿ ಬದಲಾಯಿಸಿಕೊಳ್ಳಬಹುದು. ಮೊದಲ ಎರಡು ವಾರದೊಳಗೆ, ನಿಮ್ಮ ಬದಲಿಗೆ ಆ ಬ್ಯಾಚಿನಿಂದ ಒಬ್ಬ ಬರಲು ಒಪ್ಪಿದರೆ, ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಹತ್ತಿರ ಇಬ್ಬರೂ ಹೋಗಿ ಕೇಳಿ. ನಮ್ಮ ಕ್ಲಾಸಿನಲ್ಲಿ ಹೀಗೆ ನಾಲ್ಕೈದು ಜನ ಬದಲಾಯಿಸಿಕೊಂಡರು. ರೆಕಾರ್ಡ್ ಪುಸ್ತಕದಲ್ಲಿ ಬ್ಯಾಚ್ ನಂಬರ್ ಬರೆದ ಮೇಲೆ ಯಾರೂ ಕೇಳಲ್ಲ.

ಗುಬ್ಬಿಗೇಟ್_ಗೆಳೆಯ

ಓಪನ್ ಎಲೆಕ್ಟಿವ್ ಬಗ್ಗೆಯೂ ಹೇಳಿ. ನಮ್ಮಕ್ಕ ಬಿಎಸ್ಸಿಯಲ್ಲಿ ಕಾಮರ್ಸ್ ಪೇಪರ್ ಒಂದನ್ನು ಓಪನ್ ಎಲೆಕ್ಟಿವ್ ಅಂತ ತಗೊಂಡಿದ್ದಳು.

ಬಿಎಸ್ಸಿ_ಎರಡನೇ_ವರ್ಷ

ನಿಮ್ಮಕ್ಕ ಎನ್‌ಇಪಿ ಬ್ಯಾಚ್ ಇರಬೇಕು. 2021ರಿಂದ 2023ರವರೆಗೆ ಸೇರಿದವರದ್ದು ಆ ಸ್ಕೀಮ್, ನಾಲ್ಕನೇ ವರ್ಷ ಆನರ್ಸ್ ಆಯ್ಕೆ ಇದ್ದದ್ದೂ ಅವರಿಗೇ. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆದೇಶ ಮಾಡಿ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು. ರಾಜ್ಯ ಶಿಕ್ಷಣ ನೀತಿ ರೂಪಿಸಲು ನೇಮಿಸಿದ್ದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಆಧಾರದ ಮೇಲೆ. 2024-25ರಿಂದ ಸೇರಿದವರಿಗೆ ಮೂರು ಮೇಜರ್ ವಿಷಯ, ಜೊತೆಗೆ ಭಾಷೆಗಳು, ಕಡ್ಡಾಯ ಪತ್ರಿಕೆ. ಅಕ್ಕಂದಿರು ಅಣ್ಣಂದಿರು ಹೇಳುವ ನಿಯಮ ನಂಬುವ ಮೊದಲು ಅವರು ಯಾವ ವರ್ಷ ಸೇರಿದವರು ಅಂತ ಕೇಳಿ. ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಮಧುಗಿರಿ_ಕಡೆಯವನು

ತುಂಬಾ ಥ್ಯಾಂಕ್ಸ್. ಇಷ್ಟು ವಿಷಯ ಯಾರೂ ಹೇಳಿರಲಿಲ್ಲ. ಭಾಷೆ ಯಾವುದು ತಗೊಳ್ಳಲಿ? ಸಂಸ್ಕೃತ ತಗೊಂಡರೆ ಮಾರ್ಕ್ಸ್ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಪಿಯುಸಿಯಲ್ಲಿ ಕನ್ನಡ ಇತ್ತು.

ಪಾವಗಡ_ಬಿಸಿಲು

ನಮ್ಮ ಮನೆಯಲ್ಲಿ ಮಾತು ತೆಲುಗು. ಶಾಲೆ ಪೂರ್ತಿ ಕನ್ನಡ ಮೀಡಿಯಂ. ಡಿಗ್ರಿಯಲ್ಲಿ ಕನ್ನಡ ತಗೊಂಡೆ, ಕಷ್ಟ ಏನೂ ಆಗಲಿಲ್ಲ. ಹಳಗನ್ನಡದ ಪದ್ಯ ಬಂದಾಗ ಮಾತ್ರ ಎಲ್ಲರಿಗೂ ಸಮಾನ ಕಷ್ಟ, ಮನೆಯಲ್ಲಿ ಕನ್ನಡ ಮಾತಾಡುವವರಿಗೂ.

ಅತಿಥಿ_ಮೇಡಂ

ಪಿಯುಸಿಯಲ್ಲಿ ಓದದ ಭಾಷೆಯನ್ನು ಮಾರ್ಕ್ಸಿಗೋಸ್ಕರ ಹೊಸದಾಗಿ ಹಿಡಿಯಬೇಡಿ. ಆಮೇಲೆ ಲಿಪಿಯಿಂದ ಶುರು ಮಾಡಿ ಒದ್ದಾಡುವವರನ್ನು ನೋಡಿದ್ದೇನೆ. ಇನ್ನೊಂದು ಕಾರಣವೂ ಇದೆ. ಕನ್ನಡಕ್ಕೆ ಎರಡು ಮೂರು ಸೆಕ್ಷನ್ ಇರುತ್ತದೆ, ಅಧ್ಯಾಪಕರೂ ಹೆಚ್ಚು. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ತಗೊಳ್ಳುತ್ತಾರೆ. ಕಡಿಮೆ ಜನ ಇರುವ ಭಾಷೆಗೆ ಕೆಲವು ಕಡೆ ಒಬ್ಬರೇ ಅಧ್ಯಾಪಕರು, ಅವರ ನೇಮಕವೂ ತಡ. ಸೇರುವ ಮೊದಲು ಆ ಕಾಲೇಜಿನಲ್ಲಿ ಆ ಭಾಷೆಗೆ ಕಾಯಂ ಅಧ್ಯಾಪಕರು ಇದ್ದಾರಾ ಕೇಳಿ.

ಸೈಬರ್_ಸೆಂಟರ್_ಅಣ್ಣ

ಶಿರಾ ಗೇಟ್ ಹತ್ತಿರ ನನ್ನ ಅಂಗಡಿ. ಒಂದು ಕೈ ಮುಗಿದು ಕೇಳಿಕೊಳ್ಳುವುದು. ಯುಯುಸಿಎಂಎಸ್ ನೋಂದಣಿಗೆ ಬರುವಾಗ ಸ್ವಂತ ಮೊಬೈಲ್ ನಂಬರ್, ಸ್ವಂತ ಇಮೇಲ್ ತನ್ನಿ. "ಅಣ್ಣಾ ನಿಮ್ಮ ನಂಬರೇ ಹಾಕಿ" ಅನ್ನಬೇಡಿ. ಮೂರು ವರ್ಷ ಓಟಿಪಿ ಅದಕ್ಕೇ ಬರುತ್ತದೆ. ಪರೀಕ್ಷೆ ಅರ್ಜಿಯ ಕೊನೇ ದಿನ ರಾತ್ರಿ ಹನ್ನೊಂದಕ್ಕೆ ಓಟಿಪಿ ಕೇಳಿ ನನಗೆ ಫೋನ್ ಬರುತ್ತದೆ. ಅಪ್ಪನ ನಂಬರ್ ಕೊಟ್ಟರೂ ಅಷ್ಟೇ ಕಷ್ಟ, ಅಪ್ಪ ತೋಟದಲ್ಲಿ ಇರುತ್ತಾರೆ, ಫೋನ್ ಮನೆಯಲ್ಲಿ.

ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇರಲಿ. ಆಧಾರಿನಲ್ಲಿ ಇನಿಷಿಯಲ್ ಹಿಂದೆ, ಅಂಕಪಟ್ಟಿಯಲ್ಲಿ ಮುಂದೆ ಇದ್ದರೆ ಈಗಲೇ ಆಧಾರ್ ಸರಿ ಮಾಡಿಸಿ. ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬರೆದು ತನ್ನಿ. ಸ್ಕಾಲರ್‌ಶಿಪ್ ಬೇಕಿದ್ದರೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಬ್ಯಾಂಕಿನಲ್ಲೇ ಕೇಳಿ. ಎಬಿಸಿ ಐಡಿ (ನಿಮ್ಮ ಕ್ರೆಡಿಟ್ ಜಮಾ ಆಗುವ ಖಾತೆಯ ನಂಬರ್) ಕೂಡ ಕೇಳುತ್ತಾರೆ, 12 ಅಂಕಿಯದು, ಡಿಜಿಲಾಕರ್‌ನಲ್ಲಿ ಪುಕ್ಕಟೆ ಆಗುತ್ತದೆ. ಅದಕ್ಕೆ ಯಾರಾದರೂ ಇನ್ನೂರು ಮುನ್ನೂರು ಕೇಳಿದರೆ ಎದ್ದು ಬನ್ನಿ.

ಶಿಡ್ಲಘಟ್ಟ_ರೇಷ್ಮೆ

ನಾನು ತುಮಕೂರಿನವಳಲ್ಲ, ಚಿಕ್ಕಬಳ್ಳಾಪುರ ಜಿಲ್ಲೆ. ನಮ್ಮದು ಬೆಂಗಳೂರು ಉತ್ತರ ವಿಶ್ವವಿದ್ಯಾಲಯ, ಕೋಲಾರದ ಟಮಕದಲ್ಲಿರುವುದು. ಆದರೆ ಪೋರ್ಟಲ್ ಅದೇ, ಗೋಳೂ ಅದೇ. ಹಾಜರಾತಿ ಲೆಕ್ಕ ಓದಿ ಬರೆಯಬೇಕು ಅನಿಸಿತು.

ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತೇವೆ. ನಾಲ್ಕನೇ ಜ್ವರ (ಹುಳ ಪೊರೆ ಬಿಡುವ ಹಂತ) ಎದ್ದ ಮೇಲೆ ಹುಳ ಒಂದು ವಾರ ಬೆಂಕಿಯ ಹಾಗೆ ಸೊಪ್ಪು ತಿನ್ನುತ್ತದೆ. ಸೊಪ್ಪು ಕೊಯ್ಯಲು, ಹಾಕಲು ಮನೆಯವರೆಲ್ಲ ಬೇಕು. ಆಮೇಲೆ ಹಣ್ಣಾದ ಹುಳ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಅಂತೂ ಕಾಲೇಜಿನ ಮಾತೇ ಇಲ್ಲ. ಒಂದು ಸೆಮಿಸ್ಟರಿನಲ್ಲಿ ಹೀಗೆ ಎರಡು ಮೂರು ಬೆಳೆ ಬರುತ್ತದೆ. ಅದಕ್ಕೆ ನಾನು ಸೇರುವಾಗಲೇ ಕೇಳಿದ್ದು, ಯಾವ ವಿಷಯಕ್ಕೆ ವಾರಕ್ಕೆ ಎಷ್ಟು ಕ್ಲಾಸ್ ಅಂತ. ನಾಲ್ಕು ಕ್ಲಾಸ್ ಇರುವ ವಿಷಯ ಒಂದು ವಾರ ಪೂರ್ತಿ ತಪ್ಪಿದರೂ ಆಮೇಲೆ ಸರಿದೂಗಿಸಬಹುದು. ವಾರಕ್ಕೆ ಒಂದೇ ಸಲ ಬರುವ ಲ್ಯಾಬ್ ತಪ್ಪಿದರೆ ಆ ಪ್ರಯೋಗವೇ ಹೋಯಿತು, ರೆಕಾರ್ಡಿನಲ್ಲಿ ಖಾಲಿ ಪುಟ. ಹಾಗಾಗಿ ಹುಳದ ವಾರದಲ್ಲೂ ಲ್ಯಾಬ್ ದಿನ ಮಾತ್ರ ಹೋಗಿ ಬರುತ್ತೇನೆ. ಅಮ್ಮ ಬೈಯುತ್ತಾರೆ, ಬೈಸಿಕೊಳ್ಳುತ್ತೇನೆ.

ಬಸ್ಸಿಗೆ ನಮಗೆ ಹುಡುಗಿಯರಿಗೆ ಶಕ್ತಿ ಯೋಜನೆ ಇದೆ, ಆಧಾರ್ ತೋರಿಸಿದರೆ ಸಾಕು. ಯಾವ ಸಾಮಾನ್ಯ ಸರ್ಕಾರಿ ಬಸ್ ಮೊದಲು ಬಂದರೆ ಅದನ್ನು ಹತ್ತುತ್ತೇವೆ. ಹುಡುಗರು ಪಾಸಿನಲ್ಲಿ ಬರೆದ ದಾರಿಯಲ್ಲೇ ಹೋಗಬೇಕು. ಪಾಸ್ ಅರ್ಜಿ ಹಾಕುವಾಗ ಊರಿನಿಂದ ಕಾಲೇಜಿನ ಹತ್ತಿರದ ನಿಲ್ದಾಣದವರೆಗೆ ಸರಿಯಾಗಿ ಬರೆಸಿಕೊಳ್ಳಿ.

ಗುಬ್ಬಿಗೇಟ್_ಗೆಳೆಯ

ಹುಳಕ್ಕೂ ಸೆಮಿಸ್ಟರ್ ಇದೆ ಅಂತ ಇವತ್ತು ಗೊತ್ತಾಯಿತು.

ತಿಪಟೂರು_ಕೊಬ್ಬರಿ

ಮಧ್ಯೆ ಬಂದೆ, ಕ್ಷಮಿಸಿ. ಸೇರಿದ ಮೇಲೆ ಕಾಂಬಿನೇಷನ್ ಬದಲಾಯಿಸಬಹುದಾ? ನನ್ನ ತಮ್ಮ ಒಂದು ವಾರಕ್ಕೇ ಫಿಸಿಕ್ಸ್ ಬೇಡ ಅನ್ನುತ್ತಿದ್ದಾನೆ.

ಹಳೇ_ಗುಮಾಸ್ತ

ಬೇಗ ಕೇಳಿದರೆ ಆಗುತ್ತದೆ. ಪ್ರಿನ್ಸಿಪಾಲರಿಗೆ ಅರ್ಜಿ, ಅದರ ಮೇಲೆ ಬಿಡುವ ವಿಷಯದ ಎಚ್‌ಒಡಿ ಮತ್ತು ಸೇರುವ ವಿಷಯದ ಎಚ್‌ಒಡಿ ಸಹಿ, ಪೋಷಕರ ಸಹಿ. ಆ ಕಾಂಬಿನೇಷನ್ನಿನಲ್ಲಿ ಸೀಟ್ ಖಾಲಿ ಇರಬೇಕು. ಕಾಗದದ ಮೇಲೆ ಆದರೆ ಸಾಲದು. ಪೋರ್ಟಲಿನಲ್ಲಿ ಕಾಲೇಜ್ ಲಾಗಿನ್ನಿನಿಂದ ಬದಲಾಯಿಸಿದ್ದಾರಾ ಅಂತ ನಿಮ್ಮ ಲಾಗಿನ್ನಿನಲ್ಲಿ ನೀವೇ ನೋಡಿ. ವಿಶ್ವವಿದ್ಯಾಲಯದ ಅನುಮೋದನೆ ಆದ ಮೇಲೆ ಬಹಳ ಕಷ್ಟ. ಕ್ಲಾಸಿನಲ್ಲಿ ಝೂವಾಲಜಿ ಕೂತು ಪೋರ್ಟಲಿನಲ್ಲಿ ಫಿಸಿಕ್ಸ್ ಉಳಿದಿದ್ದರೆ ಹಾಲ್ ಟಿಕೆಟ್ಟಿನಲ್ಲಿ ಫಿಸಿಕ್ಸೇ ಬರುವುದು.

ತಮ್ಮನಿಗೆ ಒಂದು ವಾರಕ್ಕೇ ಬೇಡ ಅನಿಸಿದ್ದು ವಿಷಯವೋ, ಇಂಗ್ಲಿಷ್ ಪಾಠವೋ ಕೇಳಿ ನೋಡಿ. ಕನ್ನಡ ಮೀಡಿಯಂನಿಂದ ಬಂದವರಿಗೆ ಎರಡನೆಯದೇ ಜಾಸ್ತಿ. ಅದು ಝೂವಾಲಜಿಯಲ್ಲೂ ಇರುತ್ತದೆ.

ಮಧುಗಿರಿ_ಕಡೆಯವನು

ಇವತ್ತು ಎರಡು ಕಾಲೇಜಿಗೆ ಹೋಗಿ ಬಂದೆ. ಒಂದು ಕಡೆ ಹೋದ ವರ್ಷದ ವೇಳಾಪಟ್ಟಿ ಇನ್ನೂ ಬೋರ್ಡಿನಲ್ಲೇ ಇತ್ತು, ಫೋಟೋ ತೆಗೆದೆ. ಇನ್ನೊಂದು ಕಡೆ ಸೀನಿಯರ್ ಒಬ್ಬರು ವಾಟ್ಸಾಪ್ ಮಾಡಿದರು. ಮೊದಲನೇ ಕಾಲೇಜಿನಲ್ಲಿ ಭಾಷೆ ಬೆಳಗ್ಗೆ ಮೊದಲ ಗಂಟೆಗೆ. ಪಿಸಿಎಂ ಲ್ಯಾಬ್ ಎರಡು ದಿನ ಮಧ್ಯಾಹ್ನ, ಅದು ಮುಗಿಯುವಷ್ಟರಲ್ಲಿ ನನ್ನ ಬಸ್ ಹೋಗಿರುತ್ತದೆ. ಎರಡನೇ ಕಾಲೇಜಿನಲ್ಲಿ ಲ್ಯಾಬ್ ಬೆಳಗ್ಗೆ, ಭಾಷೆ ಮೂರು ದಿನ ಕೊನೇ ಗಂಟೆಗೆ.

ಕ್ಯಾತ್ಸಂದ್ರ_ಹುಡುಗಿ

ಮೊದಲನೆಯದು. ಎರಡು ದಿನ ತಡ ಆದರೂ ಕ್ಲಾಸ್ ತಪ್ಪಲ್ಲ, ಮನೆಗೆ ಹೋಗುವುದು ತಡ ಅಷ್ಟೇ. ಎರಡನೆಯದರಲ್ಲಿ ಮೂರು ದಿನ ಕ್ಲಾಸೇ ತಪ್ಪುತ್ತದೆ. ಮತ್ತೆ ಗುಮಾಸ್ತರೇ, ನೋಡಿದಿರಾ, ಕಾಲೇಜೇ ಆರಿಸಬೇಕಾಯಿತು.

ಹಳೇ_ಗುಮಾಸ್ತ

ನೋಡಿದೆ ತಾಯಿ. ಆದರೆ ಆರಿಸಿದ್ದು ವೇಳಾಪಟ್ಟಿ ನೋಡಿಯೇ.

ಮಧುಗಿರಿ_ಕಡೆಯವನು

ಮೊದಲನೇ ಕಾಲೇಜಿಗೇ ಅರ್ಜಿ ಹಾಕುತ್ತೇನೆ, ಪಿಸಿಎಂ, ಕನ್ನಡ. ಬೆಳಗ್ಗೆ ಮೊದಲ ಗಂಟೆಗೆ ಮುಟ್ಟಲು ಮನೆಯಿಂದ ಆರೂವರೆಗೆ ಹೊರಡಬೇಕು. ಆ ಹೊತ್ತಿಗೆ ಕೊರಟಗೆರೆ ಮೇಲೆ ಬರುವ ಬಸ್ಸಿನಲ್ಲಿ ಸೀಟ್ ಸಿಗುತ್ತದಾ? ಆ ದಾರಿಯಲ್ಲಿ ದಿನಾ ಓಡಾಡುವವರು ಯಾರಾದರೂ ಇದ್ದೀರಾ?

ಪಾವಗಡ_ಬಿಸಿಲು

ಸೀಟ್ ಮರೆತುಬಿಡಿ. ಮಧುಗಿರಿಯಲ್ಲೇ ಹತ್ತಿದರೆ ನಿಲ್ಲಲು ಜಾಗ ಸಿಗುತ್ತದೆ, ಕೊರಟಗೆರೆಯಲ್ಲಿ ಹತ್ತುವವರಿಗೆ ಅದೂ ಕಷ್ಟ. ಸೋಮವಾರ ಮಾತ್ರ ಒಂದು ಬಸ್ ಮುಂಚೆಯೇ ಹಿಡಿಯಿರಿ, ಊರಿಗೆ ಹೋದವರೆಲ್ಲ ಅವತ್ತೇ ವಾಪಸ್ ಬರುವುದು.